ಸ್ಕ್ಯಾನ್ ನಾರ್ಮಲ್ ಅಂದ್ರು, ಮನುಷ್ಯ ಮಾತ್ರ ಮೊದಲಿನಂಗಿಲ್ಲ

ತಲೆಗೆ ಪೆಟ್ಟು ಬಿದ್ದವರ ವಿಚಾರದಲ್ಲಿ ನಮ್ಮ ಕಡೆ ಎರಡೇ ಸುದ್ದಿ. ಒಂದು, ಹೋಗಿಬಿಟ್ರಂತೆ. ಇನ್ನೊಂದು, ದೇವರು ದೊಡ್ಡವನು, ಉಳ್ಕೊಂಡ್ರಂತೆ. ಎರಡನೇ ಸುದ್ದಿ ಕೇಳಿದ ಮೇಲೆ ಊರು ತನ್ನ ಕೆಲಸಕ್ಕೆ ಹೋಗುತ್ತದೆ. ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಿ, ಎಳನೀರು, ಬಾಳೆಹಣ್ಣು, ಬ್ರೆಡ್ಡು ಕೊಟ್ಟು ಬರುತ್ತೇವೆ. ಹೊಲಿಗೆ ಬಿಚ್ಚುತ್ತಾರೆ, ಕೂದಲು ಬೆಳೆದು ಗಾಯ ಮುಚ್ಚುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ.

ಆರು ತಿಂಗಳು ಬಿಟ್ಟು ಅದೇ ಮನೆಯ ಹೆಂಗಸರನ್ನು ಕೇಳಿ ನೋಡಿ. ಕಡೂರು, ತರೀಕೆರೆ, ಅಜ್ಜಂಪುರ ಅಂತ ಭೇದವಿಲ್ಲದೆ ಎಲ್ಲ ಕಡೆ ಒಂದೇ ಥರದ ಮಾತು. "ನಮ್ಮೆಜಮಾನ್ರು ಮೊದ್ಲಿನಂಗಿಲ್ಲ. ಕೂತ್ರೆ ಕೂತಲ್ಲೇ. ಸಣ್ಣ ಮಾತಿಗೂ ರೇಗ್ತಾರೆ. ಅಂಗಡಿಗೆ ಕಳಿಸಿದ್ರೆ ಏನು ತರಬೇಕು ಅಂತ್ಲೇ ಮರ್ತು ಬರ್ತಾರೆ. ಒಲೆ ಮೇಲೆ ಸಾರು ಸೀದು ಹೋದ್ರೂ ವಾಸನೆ ಗೊತ್ತಾಗಲ್ಲ." ಡಾಕ್ಟರು ಏನಂದರು ಅಂತ ಕೇಳಿದರೆ, ಬೀರುವಿನ ಮೇಲಿಂದ ದೊಡ್ಡ ಕವರ್ ತೆಗೆದು ತೋರಿಸುತ್ತಾರೆ. "ಸ್ಕ್ಯಾನಲ್ಲಿ ಏನೂ ಇಲ್ಲ ಅಂದವ್ರೆ."

ಈ "ಏನೂ ಇಲ್ಲ" ಅನ್ನೋ ಮಾತಿನ ಮೇಲೆಯೇ ಈ ಬರಹ. ಆ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದ ಅರ್ಧವನ್ನು ಯಾರೂ ಹೇಳದೆ ಇರುವುದರಿಂದ ನಮ್ಮ ಊರುಗಳಲ್ಲಿ ಸಂಸಾರಗಳು ಒಡೆಯುತ್ತಿವೆ, ಕೆಲಸ ಹೋಗುತ್ತಿದೆ, ಪರಿಹಾರದ ಕೇಸು ಬಿದ್ದುಹೋಗುತ್ತಿದೆ. ಕೆಟ್ಟ ಹೆಸರು ಮಾತ್ರ ಪೆಟ್ಟು ತಿಂದವನಿಗೇ: ಸೋಮಾರಿ, ಕುಡುಕ, ತಲೆಕೆಟ್ಟವನು, ಗಾಳಿ ಸೋಕಿದವನು.

ತಲೆಪೆಟ್ಟು ಅಂದ ತಕ್ಷಣ ಕಡೂರು ತಾಲ್ಲೂಕಿನವರಿಗೆ ಸಂಚಾರಿ ವಿಜಯ್ ನೆನಪಾಗುತ್ತಾರೆ. ಪಂಚನಹಳ್ಳಿ ಸೀಮೆಯಿಂದ ಹೋಗಿ, 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ನಟ. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತಿದ್ದರು. ಬೈಕ್ ಜಾರಿತು, ತಲೆಗೆ ಪೆಟ್ಟು ಬಿತ್ತು. ಹೆಲ್ಮೆಟ್ ಇರಲಿಲ್ಲ ಅಂತ ಆಗ ವರದಿಯಾಗಿತ್ತು. ಆಪರೇಷನ್ ಆಯಿತು, ಫಲ ಕೊಡಲಿಲ್ಲ. ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಜೂನ್ 15ರಂದು ಪಂಚನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಇಡೀ ರಾಜ್ಯ ಮರುಗಿತು.

ಸತ್ತವರಿಗೆ ಮರುಗುವುದು ನಮಗೆ ಗೊತ್ತು. ಉಳಿದವರನ್ನು ಏನು ಮಾಡಬೇಕು ಅನ್ನೋದು ಗೊತ್ತಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಗಾಯಗೊಂಡವರು 4,43,366. ಹೆಲ್ಮೆಟ್ ಇಲ್ಲದೆ ಸತ್ತವರೇ 50,029, ಅದರಲ್ಲಿ ಹಿಂದೆ ಕೂತವರು 14,337. ಈ ನಾಲ್ಕು ಲಕ್ಷ ಚಿಲ್ಲರೆ ಗಾಯಾಳುಗಳಲ್ಲಿ ಎಷ್ಟು ಮಂದಿಗೆ ತಲೆಗೆ ಬಿದ್ದಿತ್ತು, ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆ ಅನ್ನೋದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಪತ್ರಿಕೆಯಲ್ಲೂ ಅಷ್ಟೇ. "ಗಂಭೀರವಾಗಿ ಗಾಯಗೊಂಡಿದ್ದು ಆಸ್ಪತ್ರೆಗೆ ದಾಖಲಿಸಲಾಗಿದೆ" ಅನ್ನೋ ವಾಕ್ಯದ ಮುಂದೆ ಚುಕ್ಕಿ ಬಿತ್ತೆಂದರೆ ಆ ಮನುಷ್ಯ ಸುದ್ದಿಯಿಂದ ಆಚೆ ಹೋದ ಹಾಗೆ.

ಬೈಕ್ ಒಂದೇ ಕಾರಣ ಅಂದುಕೊಳ್ಳಬೇಡಿ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರು ತಲೆಪೆಟ್ಟಿನ ಲೆಕ್ಕಾಚಾರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮೆದುಳಿನ ಪೆಟ್ಟಿನಲ್ಲಿ ಸುಮಾರು 60 ಭಾಗ ರಸ್ತೆ ಅಪಘಾತ, 20ರಿಂದ 25 ಭಾಗ ಬೀಳುವುದು, 10 ಭಾಗ ಹೊಡೆದಾಟ ಎಂದು ಅವರು ತೋರಿಸಿದ್ದಾರೆ. ಬೀಳುವುದು ಅಂದರೆ ನಮಗೆ ಬಿಡಿಸಿ ಹೇಳಬೇಕಿಲ್ಲ. ತರೀಕೆರೆ ಕಡೆ ಅಡಿಕೆ ಕೊನೆ ಕೊಯ್ಯುವವರು, ಕಡೂರಿನ ತೆಂಗಿನ ತೋಟದಲ್ಲಿ ಕಾಯಿ ಕೀಳುವವರು, ಹುಲ್ಲಿನ ಹೊರೆ ಮೇಲೆ ಕೂತು ಟ್ರ್ಯಾಕ್ಟರಿನಲ್ಲಿ ಬರುವವರು, ಅಜ್ಜಂಪುರದಲ್ಲಿ ಈರುಳ್ಳಿ ಚೀಲದ ಲೋಡಿನ ಮೇಲೆ ಮಲಗಿ ಮಾರ್ಕೆಟ್ಟಿಗೆ ಹೋಗುವ ಹುಡುಗರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವುದು ಸ್ವಲ್ಪ ಕಡಿಮೆಯಾಗಿದೆ. ದೋಟಿಯ ಬೆಲೆ ನೋಡಿ ಹಿಂದೆ ಸರಿದವರೇ ಹೆಚ್ಚು, ಅದು ಬೇರೆ ಮಾತು.

ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ? ತಲೆಬುರುಡೆ ಅನ್ನೋದು ಗಟ್ಟಿ ಪಾತ್ರೆ. ಒಳಗಿರುವ ಮೆದುಳು ಗಟ್ಟಿ ಮೊಸರಿನಷ್ಟು ಮೆತ್ತಗೆ. ಓಡುತ್ತಿದ್ದ ತಲೆ ತಟಕ್ಕನೆ ನಿಂತರೆ ಪಾತ್ರೆ ನಿಲ್ಲುತ್ತದೆ, ಮೊಸರು ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ ಬಡಿಯುತ್ತದೆ, ಹಿಂದಕ್ಕೆ ಬಂದು ಬಡಿಯುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಭಾಗದ ಕೆಳಗೆ ಬುರುಡೆಯ ಮೂಳೆ ಏರುಪೇರಾಗಿ ಒರಟಾಗಿದೆ. ಹಾಗಾಗಿ ಅಲ್ಲಿಗೆ ಏಟು ಜಾಸ್ತಿ. ಮನುಷ್ಯನ ತಾಳ್ಮೆ, ವಿವೇಚನೆ, ಎಲ್ಲಿ ಏನು ಮಾತಾಡಬೇಕು ಅನ್ನೋ ಅಳತೆ, ನೆನಪು, ಇವೆಲ್ಲ ಬಹುಪಾಲು ಆ ಭಾಗಗಳ ಕೆಲಸ. ವಾಸನೆ ತಿಳಿಸುವ ನವಿರಾದ ನರಗಳೂ ಹಣೆಯ ತಳದಲ್ಲೇ ಇವೆ, ಜಗ್ಗಿದರೆ ಕಿತ್ತುಹೋಗುತ್ತವೆ. ಆ ಹೆಣ್ಣುಮಗಳು ಹೇಳಿದ ಸೀದ ಸಾರಿನ ಮಾತಿಗೆ ಕಾರಣ ಇದು. ಆಕೆ ಡಾಕ್ಟರಿಗಿಂತ ಮೊದಲೇ ರೋಗ ಹಿಡಿದಿದ್ದಳು, ಕೇಳುವವರು ಬೇಕಿತ್ತು ಅಷ್ಟೇ.

ಇನ್ನೊಂದು ಹಾನಿ ಇದೆ, ಅದು ಕಣ್ಣಿಗೆ ಕಾಣದ್ದು. ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಕೋಟ್ಯಂತರ ಎಳೆಗಳಿವೆ. ತಿರುಚಿಕೊಂಡಾಗ ಈ ಎಳೆಗಳು ಜಗ್ಗುತ್ತವೆ. ಕೆಲವು ಅಲ್ಲೇ ತುಂಡಾಗುತ್ತವೆ. ಹೆಚ್ಚಿನವು ಗಂಟೆ, ದಿನಗಳ ಮೇಲೆ ಊದಿಕೊಂಡು ನಿಧಾನಕ್ಕೆ ಕಡಿದುಹೋಗುತ್ತವೆ. ತೋಟದ ಡ್ರಿಪ್ ಪೈಪಿನ ಮೇಲೆ ಟ್ರ್ಯಾಕ್ಟರ್ ಹತ್ತಿದ ಹಾಗೆ. ಮೇಲಿಂದ ನೋಡಿದರೆ ಪೈಪು ಇದ್ದಲ್ಲೇ ಇದೆ. ಮೋಟರೂ ಓಡುತ್ತಿದೆ. ಕೊನೆಯ ಸಾಲಿನ ಗಿಡಕ್ಕೆ ನೀರು ಮಾತ್ರ ಬರುತ್ತಿಲ್ಲ.

ಈಗ ಸ್ಕ್ಯಾನಿಗೆ ಬರೋಣ. ಅಪಘಾತವಾದ ದಿನ ಮಾಡುವುದು ಸಿ.ಟಿ. ಸ್ಕ್ಯಾನ್. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ತಲೆಯನ್ನು ಹೀಗೆ ನೋಡಿದರು. ಕಂಡುಹಿಡಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ಇನ್ನೊಬ್ಬರ ಜೊತೆ ನೊಬೆಲ್ ಸಿಕ್ಕಿತು. ಎಕ್ಸ್‌ರೇಯನ್ನೇ ಸುತ್ತಲಿಂದ ಹಾಯಿಸಿ ಹೋಳು ಹೋಳಾಗಿ ಚಿತ್ರ ಮಾಡುವ ಯಂತ್ರ ಅದು. ಮೂಳೆ ಮುರಿದಿದೆಯಾ, ಒಳಗೆ ರಕ್ತ ಹೆಪ್ಪುಗಟ್ಟಿದೆಯಾ, ಮೆದುಳು ಊದಿ ಒಂದು ಕಡೆಗೆ ಸರಿದಿದೆಯಾ, ಇದನ್ನು ಕೆಲವೇ ನಿಮಿಷದಲ್ಲಿ ಹೇಳುತ್ತದೆ. ಈಗಲೇ ಆಪರೇಷನ್ ಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅದು ಜೀವ ಉಳಿಸುವ ಯಂತ್ರ, ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಆ ಎಳೆಗಳನ್ನು ಅದು ನೋಡಲಾರದು. "ಸಿ.ಟಿ. ನಾರ್ಮಲ್" ಅಂದರೆ "ಇವತ್ತು ತಲೆ ತೆರೆಯುವಂಥದ್ದು ಏನಿಲ್ಲ" ಅಂತ ಅರ್ಥ. "ಮೆದುಳಿಗೆ ಏನೂ ಆಗಿಲ್ಲ" ಅಂತ ಅಲ್ಲ. ಡಾಕ್ಟರು ಮೊದಲನೆಯದನ್ನು ಹೇಳುತ್ತಾರೆ, ನಾವು ಎರಡನೆಯದನ್ನು ಕೇಳಿಸಿಕೊಳ್ಳುತ್ತೇವೆ. ಅಮೆರಿಕದಲ್ಲಿ ಟ್ರ್ಯಾಕ್-ಟಿಬಿಐ ಎಂಬ ದೊಡ್ಡ ಅಧ್ಯಯನ ನಡೆಯಿತು. ಸಣ್ಣ ಪೆಟ್ಟು ಅನ್ನಿಸಿಕೊಂಡ, ಸಿ.ಟಿ. ನಾರ್ಮಲ್ ಬಂದ ರೋಗಿಗಳಿಗೇ ಕೆಲವು ದಿನ ಬಿಟ್ಟು ಎಂ.ಆರ್.ಐ. ಮಾಡಿದರು. ನೂರಕ್ಕೆ ಸುಮಾರು 27 ಜನರಲ್ಲಿ ಹಾನಿ ಕಂಡಿತು. 2013ರಲ್ಲಿ ಅದು ಪ್ರಕಟವಾಯಿತು. ನಾಲ್ಕು ಜನಕ್ಕೆ ಒಬ್ಬರು ಅಂತ ಲೆಕ್ಕ ಹಿಡಿಯಿರಿ. ನಾರ್ಮಲ್ ಅಂತ ಮನೆಗೆ ಕಳಿಸಿದ ನಾಲ್ವರಲ್ಲಿ ಒಬ್ಬರು.

ಎಂ.ಆರ್.ಐ. ಎಕ್ಸ್‌ರೇ ಅಲ್ಲ, ದೊಡ್ಡ ಅಯಸ್ಕಾಂತ. ದೇಹದ ನೀರಿನ ಕಣಗಳಿಂದ ಬರುವ ಸಂಕೇತ ಹಿಡಿದು ಚಿತ್ರ ಮಾಡುತ್ತದೆ. ಅದರೊಳಗೇ ಬೇರೆ ಬೇರೆ ವಿಧಾನಗಳಿವೆ. ತಲೆಪೆಟ್ಟಿನವರು ಒಂದು ಹೆಸರು ನೆನಪಿಟ್ಟುಕೊಳ್ಳಿ: ಎಸ್.ಡಬ್ಲ್ಯು.ಐ. ಮೆದುಳಿನೊಳಗೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ರಕ್ತ ಒಸರಿದ್ದರೂ ಆ ರಕ್ತದ ಕಬ್ಬಿಣದ ಅಂಶ ಅಲ್ಲೇ ಉಳಿದಿರುತ್ತದೆ. ಅಯಸ್ಕಾಂತಕ್ಕೆ ಕಬ್ಬಿಣ ಗೊತ್ತಾಗದೆ ಇರುತ್ತದೆಯೇ? ಆ ಚಿತ್ರದಲ್ಲಿ ಅದು ಕಪ್ಪು ಚುಕ್ಕಿಯಾಗಿ ಕಾಣುತ್ತದೆ, ವರ್ಷಗಳಾದ ಮೇಲೂ ಕಾಣುತ್ತದೆ. ಹಳೆಯ ಪೆಟ್ಟಿಗೆ ಇದು ಸಾಕ್ಷಿ ಇದ್ದ ಹಾಗೆ.

ಇನ್ನೊಂದು ವಿಧಾನ ಡಿ.ಟಿ.ಐ. 1994ರಲ್ಲಿ ಬಂದದ್ದು. ಸರಿಯಿರುವ ಎಳೆಗಳ ಕಟ್ಟಿನಲ್ಲಿ ನೀರು ಕಾಲುವೆಯಲ್ಲಿ ಹರಿದ ಹಾಗೆ ಉದ್ದಕ್ಕೆ ಚಲಿಸುತ್ತದೆ. ಎಳೆ ಹಾಳಾದಲ್ಲಿ ಏರಿ ಒಡೆದ ಹಾಗೆ ಎಲ್ಲ ಕಡೆಗೂ ಹರಡುತ್ತದೆ. ಆ ವ್ಯತ್ಯಾಸವನ್ನು ಅಳೆದು, ಯಾವ ದಾರಿ ಕೆಟ್ಟಿದೆ ಅಂತ ಬಣ್ಣಬಣ್ಣದ ನಕ್ಷೆ ಮಾಡುತ್ತಾರೆ.

ಈ ಹಾನಿ ಎಷ್ಟು ವರ್ಷ ಉಳಿಯುತ್ತದೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪೆಟ್ ಎಂಬ ಸ್ಕ್ಯಾನ್ ಬಳಸಿ, ಹಿಂದೆ ಎಂದೋ ಜೋರಾಗಿ ಪೆಟ್ಟು ತಿಂದವರ ಮೆದುಳು ನೋಡಿದರು. ಕಾಲಿಗೆ ಗಾಯವಾದರೆ ಸುತ್ತ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅಂಥ ಉರಿಯೂತ ಮೆದುಳಿನೊಳಗೆ ಇನ್ನೂ ನಡೆಯುತ್ತಿತ್ತು. ಕೆಲವರಿಗೆ ಪೆಟ್ಟು ಬಿದ್ದು 17 ವರ್ಷ ಆಗಿತ್ತು. 10 ಜನರ ಮೇಲಿನ ಸಣ್ಣ ಅಧ್ಯಯನ ಅದು, 2011ರದ್ದು, ಹಾಗಾಗಿ ಅದೇ ಕೊನೆಯ ಮಾತಲ್ಲ. ಅದೇ ಕಾಲೇಜಿನವರು 2015ರಲ್ಲಿ ಎಂ.ಆರ್.ಐ. ಚಿತ್ರ ನೋಡಿ ಮೆದುಳಿನ ವಯಸ್ಸು ಅಂದಾಜು ಮಾಡುವ ಕಂಪ್ಯೂಟರ್ ಲೆಕ್ಕ ಕಟ್ಟಿದರು. ಪೆಟ್ಟು ತಿಂದವರ ಮೆದುಳು ಅವರ ನಿಜ ವಯಸ್ಸಿಗಿಂತ ಸರಾಸರಿ ಸುಮಾರು 5 ವರ್ಷ ಹೆಚ್ಚು ಮುದಿಯಾಗಿ ಕಂಡಿತು. ಪೆಟ್ಟಾಗಿ ಹೆಚ್ಚು ಕಾಲ ಕಳೆದವರಲ್ಲಿ ಅಂತರವೂ ಹೆಚ್ಚಿತ್ತು. ಅಂದರೆ ತಲೆಪೆಟ್ಟು ಒಂದು ದಿನ ನಡೆದು ಮುಗಿದ ಘಟನೆ ಅಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಥರ ನಿಗಾ ಇಡಬೇಕಾದ, ದೀರ್ಘ ಕಾಲದ ಕಾಯಿಲೆಯಾಗಿಯೂ ಕೆಲವರಲ್ಲಿ ಮುಂದುವರಿಯುತ್ತದೆ.

ಇಷ್ಟು ಓದಿದ ಮೇಲೆ ಯಾರಾದರೂ ನಾಳೆಯೇ ಶಿವಮೊಗ್ಗಕ್ಕೋ ಹಾಸನಕ್ಕೋ ಹೋಗಿ ಸಾವಿರಾರು ರೂಪಾಯಿ ಕೊಟ್ಟು "ಎಲ್ಲಾ ಸ್ಕ್ಯಾನೂ ಮಾಡಿ" ಅಂದರೆ ನನ್ನ ಬರಹ ದಾರಿ ತಪ್ಪಿದ ಹಾಗೆ. ಡಿ.ಟಿ.ಐ. ಇನ್ನೂ ಸಂಶೋಧನೆಯ ಸಾಧನ. ನೂರು ರೋಗಿಗಳನ್ನು ನೂರು ಆರೋಗ್ಯವಂತರ ಜೊತೆ ಹೋಲಿಸಿದಾಗ ವ್ಯತ್ಯಾಸ ತೋರಿಸುತ್ತದೆ. ನಿಮ್ಮ ಅಣ್ಣನ ಒಬ್ಬನ ಚಿತ್ರ ಇಟ್ಟುಕೊಂಡು "ಇದರಿಂದಲೇ ಇವನಿಗೆ ಮರೆವು" ಅಂತ ಖಡಾಖಂಡಿತ ಹೇಳುವ ಮಟ್ಟಕ್ಕೆ ಅದು ಬಂದಿಲ್ಲ. ಪೆಟ್ ಅಂತೂ ನಮ್ಮಂಥವರ ಮಾತಲ್ಲ. ಸ್ಕ್ಯಾನಿನಲ್ಲಿ ಚುಕ್ಕಿಗಳಿದ್ದೂ ಆರಾಮಾಗಿ ಗಾಡಿ ಓಡಿಸುವವರಿದ್ದಾರೆ. ಚುಕ್ಕಿ ಇಲ್ಲದೆಯೂ ಮಗನ ಶಾಲೆಯ ದಾರಿ ಮರೆತವರಿದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಸ್ಕ್ಯಾನ್ ಯಂತ್ರಕ್ಕೆ ಕೊಡುವ ಬೆಲೆಯನ್ನು ಮನೆಯವರ ಮಾತಿಗೆ ಕೊಡುತ್ತಿಲ್ಲ. ಎಂ.ಆರ್.ಐ. ಬೇಕು, ಆದರೆ ಯಾರಿಗೆ? ಪೆಟ್ಟಾಗಿ ಒಂದು ತಿಂಗಳು, ಎರಡು ತಿಂಗಳಾದರೂ ತಲೆನೋವು, ತಲೆಸುತ್ತು, ಮರೆವು, ಸಿಟ್ಟು, ನಿದ್ದೆಗೇಡು ಹೋಗದೆ ಇರುವವರಿಗೆ. ಹಾಗೆ ಮಾಡುವಾಗ ಚೀಟಿಯಲ್ಲಿ ಎಸ್.ಡಬ್ಲ್ಯು.ಐ. ಇದೆಯಾ ಅಂತ ಕೇಳಿ. "ಇವರಿಗೆ ಇಂಥ ತಿಂಗಳು ತಲೆಗೆ ಪೆಟ್ಟಾಗಿತ್ತು" ಅಂತ ಸ್ಕ್ಯಾನ್ ಮಾಡುವವರಿಗೂ ಹೇಳಿ. ಹುಡುಕುವವರಿಗೆ ಏನು ಹುಡುಕಬೇಕು ಅಂತ ಗೊತ್ತಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಕೇಳಿ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಸ್ಕ್ಯಾನಿಗಿಂತ ಮುಖ್ಯವಾದ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಯಂತ್ರ ಬೇಡ. ಎದುರು ಕೂರಿಸಿಕೊಂಡು ನೆನಪು, ಗಮನ, ಲೆಕ್ಕ, ಯೋಜನೆ ಮಾಡುವ ಶಕ್ತಿ, ಕೈಯ ವೇಗ ಎಲ್ಲವನ್ನೂ ಅಳೆಯುತ್ತಾರೆ. ನಿಮ್ಹಾನ್ಸ್‌ನ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಸೇರಿ 2004ರಲ್ಲಿ ನಮ್ಮ ಜನರಿಗೇ ಹೊಂದುವಂತೆ ಇಂಥ ಪರೀಕ್ಷೆಗಳ ಸರಣಿ ಪ್ರಕಟಿಸಿದರು. ಶಾಲೆಗೇ ಹೋಗದವರಿಗೂ ಬೇರೆ ಅಳತೆಗೋಲು ಇಟ್ಟಿದ್ದಾರೆ. ಇದು ದೊಡ್ಡ ಮಾತು. ಓದಿದವರ ಅಳತೆಯಲ್ಲಿ ಓದದವರನ್ನು ತೂಗಿದರೆ ನಮ್ಮ ಅರ್ಧ ಊರು ದಡ್ಡರ ಪಟ್ಟಿಗೆ ಸೇರುತ್ತದೆ! ಈ ಪರೀಕ್ಷೆ "ಇವನು ಸೋಮಾರಿ ಅಲ್ಲ, ಇವನ ಮೆದುಳಿನ ಈ ಕೆಲಸ ನಿಧಾನವಾಗಿದೆ" ಅಂತ ತೋರಿಸುತ್ತದೆ. ಆ ಮೇಲೆ ಚಿಕಿತ್ಸೆಗೂ ದಾರಿ ಇದೆ. ಗಮನ, ನೆನಪಿಗೆ ತರಬೇತಿ, ಮಾತಿಗೆ ತರಬೇತಿ, ಖಿನ್ನತೆಗೆ ಮಾತ್ರೆ, ಫಿಟ್ಸ್ ಬಂದರೆ ಅದಕ್ಕೆ ಮಾತ್ರೆ. ಎಲ್ಲ ಮೊದಲಿನಂತೆ ಆಗುತ್ತದೆ ಅಂತ ಯಾರೂ ಬರೆದುಕೊಡಲಾರರು. ಆದರೆ ಈಗ ಇರುವುದಕ್ಕಿಂತ ಬದುಕು ಹಗುರಾಗುತ್ತದೆ.

ದೇವಸ್ಥಾನಕ್ಕೆ ಹೋಗುವವರನ್ನು ನಾನು ಬೇಡ ಅನ್ನುವುದಿಲ್ಲ. ಮನಸ್ಸಿಗೆ ನೆಮ್ಮದಿ ಬೇಕಾಗಿರುವುದು ರೋಗಿಗಿಂತ ನೋಡಿಕೊಳ್ಳುವವರಿಗೆ. ಆದರೆ ಪೆಟ್ಟಾದ ಮೇಲೆ ಸ್ವಭಾವ ಬದಲಾದರೆ ಅದು ಗಾಳಿಯೂ ಅಲ್ಲ, ಮಾಟವೂ ಅಲ್ಲ. 1848ರಲ್ಲೇ ಅಮೆರಿಕದಲ್ಲಿ ಫಿನಿಯಾಸ್ ಗೇಜ್ ಎಂಬ ರೈಲು ಹಳಿ ಕೆಲಸದವನ ತಲೆಯ ಮುಂಭಾಗವನ್ನು ಕಬ್ಬಿಣದ ಸರಳು ತೂರಿಕೊಂಡು ಹೋಗಿತ್ತು. ಬದುಕಿದ, ಆದರೆ ಸ್ವಭಾವ ಬದಲಾಯಿತು, ಹಳೆಯ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಸತ್ತು ನೂರೈವತ್ತು ವರ್ಷದ ಮೇಲೂ ವಿಜ್ಞಾನಿಗಳು ಆ ಬುರುಡೆಯ ಸ್ಕ್ಯಾನ್ ಇಟ್ಟುಕೊಂಡು, ಸರಳು ಯಾವ ಯಾವ ಎಳೆಗಳನ್ನು ಕಡಿದಿರಬಹುದು ಅಂತ ಲೆಕ್ಕ ಹಾಕಿದರು. ತಾಯತ ಕಟ್ಟಿಸಿ, ಮಾತ್ರೆಯನ್ನೂ ಕೊಡಿ. ಮಾತ್ರೆ ನಿಲ್ಲಿಸಿ ತಾಯತ ಕಟ್ಟಬೇಡಿ, ಫಿಟ್ಸ್ ಮಾತ್ರೆಯನ್ನಂತೂ ಡಾಕ್ಟರನ್ನು ಕೇಳದೆ ಬಿಡಲೇಬೇಡಿ.

ನಡುವೆ ವಯಸ್ಸಾದವರ ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇದರಲ್ಲಿ ಪೂರ್ತಿ ವಾಸಿಯಾಗುವ ಸಾಧ್ಯತೆ ಇದೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು, ಹಣೆ ಊದಿಕೊಂಡಿತು, ಅರಿಶಿನ ಹಚ್ಚಿದರು, ಇಳಿಯಿತು. ಮೂರು ನಾಲ್ಕು ವಾರದ ಮೇಲೆ ಒಂದು ಕಾಲು ಎಳೆದು ನಡೆಯುತ್ತಾರೆ, ಮಾತು ತಡವರಿಸುತ್ತದೆ, ಮಂಕಾಗಿ ಕೂರುತ್ತಾರೆ. "ಅರವತ್ತಕ್ಕೆ ಅರಳು ಮರಳು" ಅಂತ ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿ, ಅದಕ್ಕೂ ಬುರುಡೆಗೂ ನಡುವೆ ಜಾಗ ಹೆಚ್ಚಾಗಿರುತ್ತದೆ. ಅಲ್ಲಿನ ಸಣ್ಣ ರಕ್ತನಾಳ ಹರಿದು ವಾರಗಟ್ಟಲೆ ನಿಧಾನಕ್ಕೆ ರಕ್ತ ತುಂಬಿಕೊಳ್ಳಬಹುದು. ಹೃದಯದ ಕಾಯಿಲೆಗೆ ರಕ್ತ ತೆಳ್ಳಗಾಗುವ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಜಾಸ್ತಿ. ಬಿದ್ದ ದಿನದ ಸ್ಕ್ಯಾನಿನಲ್ಲಿ ಇದು ಇಲ್ಲದೆಯೂ ಇರಬಹುದು. ಈಗ ಇನ್ನೊಂದು ಸಿ.ಟಿ. ಮಾಡಿದರೆ ಕಾಣುತ್ತದೆ. ಬುರುಡೆಯಲ್ಲಿ ಸಣ್ಣ ತೂತು ಮಾಡಿ ಆ ರಕ್ತ ತೆಗೆದರೆ ಎಷ್ಟೋ ಜನ ಎದ್ದು ಓಡಾಡುತ್ತಾರೆ. ಅರಳು ಮರಳು ಅಂತ ಮೂಲೆಗೆ ಕೂರಿಸಿದ ಅಜ್ಜಿ ಮತ್ತೆ ಮೊಮ್ಮಕ್ಕಳನ್ನು ಗದರುವಂತಾಗುತ್ತಾರೆ.

ಇನ್ನು ಕೋರ್ಟಿನ ವಿಚಾರ. ಇಲ್ಲಿ ಹಣದ ಪ್ರಶ್ನೆ ಇದೆ. ಅಪಘಾತ ಪರಿಹಾರದ ಕೇಸಿನಲ್ಲಿ ಕೈ ಕಾಲು ಹೋದವರಿಗೆ ಪರ್ಸೆಂಟೇಜ್ ಹಾಕುವುದು ಸುಲಭ, ಕಣ್ಣಿಗೆ ಕಾಣುತ್ತದೆ. ತಲೆಯೊಳಗಿನದ್ದು ಕಾಣುವುದಿಲ್ಲ. "ಸಿ.ಟಿ. ನಾರ್ಮಲ್ ಇದೆಯಲ್ಲ" ಅಂತ ಇನ್ಶೂರೆನ್ಸ್ ಕಡೆಯ ವಕೀಲರು ಕೇಳಿದರೆ ನಮ್ಮವರು ತಲೆ ತಗ್ಗಿಸಿ ನಿಲ್ಲುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದ್ದಾರೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ತಲೆಪೆಟ್ಟಿನಿಂದಾದ ಮೆದುಳಿನ ಹಾನಿ ಅಂತ ಪ್ರತ್ಯೇಕ ಹೆಸರು ಇಲ್ಲ. ನಡಿಗೆ ಕೆಟ್ಟಿದ್ದರೆ ಅದರಡಿ, ಮಾತು ಹೋಗಿದ್ದರೆ ಇದರಡಿ, ಮನಸ್ಸು ಕೆಟ್ಟಿದ್ದರೆ ಮತ್ತೊಂದರಡಿ ಅಂತ ತುಂಡು ತುಂಡಾಗಿ ಸರ್ಟಿಫಿಕೇಟು ಕೇಳಬೇಕು. ದೇಶದಲ್ಲಿ ಇಷ್ಟು ಜನ ತಲೆಗೆ ಪೆಟ್ಟು ತಿನ್ನುತ್ತಿರುವಾಗ ಅದಕ್ಕೆ ಒಂದು ಸಾಲು ಇಲ್ಲದಿರುವುದು ನನಗೆ ಒಪ್ಪಿಗೆಯಿಲ್ಲ.

ಸುಪ್ರೀಂ ಕೋರ್ಟ್ ಮಾತ್ರ ಒಂದು ಒಳ್ಳೆಯ ಬಾಗಿಲು ತೆರೆದಿದೆ. 2010ರ ಅಕ್ಟೋಬರ್‌ನ ತೀರ್ಪಿನಲ್ಲಿ, ದೇಹದ ಎಷ್ಟು ಪರ್ಸೆಂಟ್ ಹೋಗಿದೆ ಅನ್ನೋದಕ್ಕಿಂತ, ಆ ಮನುಷ್ಯನ ದುಡಿಮೆ ಎಷ್ಟು ಹೋಗಿದೆ ಅಂತ ನೋಡಬೇಕು ಎಂದಿತು. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಅದೇ ಕೈ ಹೋದ ಡ್ರೈವರ್ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ತಲೆಪೆಟ್ಟಿಗೂ ಇದೇ ಲೆಕ್ಕ ಹಾಕಿ. ಲೆವೆಲ್ ಹಿಡಿಯಲಾಗದ ಗಾರೆ ಮೇಸ್ತ್ರಿ, ಲೆಕ್ಕ ತಪ್ಪುವ ಅಂಗಡಿಯವನು, ತಲೆಸುತ್ತಿ ಮರ ಹತ್ತಲಾರದ ಕೊನೆಯವನು, ಇವರಿಗೆ ಉಳಿಯುವುದೇನು? 2020ರ ಫೆಬ್ರವರಿಯಲ್ಲಿ ಅದೇ ಕೋರ್ಟ್, ಟ್ರ್ಯಾಕ್ಟರಿನಲ್ಲಿ ಹೋಗುವಾಗ ಟ್ರಕ್ ಡಿಕ್ಕಿಯಾಗಿ ಮೆದುಳಿಗೆ ಪೆಟ್ಟಾದ 12 ವರ್ಷದ ಹುಡುಗಿಗೆ 62 ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತು. ಬದುಕಿನುದ್ದಕ್ಕೂ ನೋಡಿಕೊಳ್ಳುವವರ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿತು. ಕೆಳಗಿನ ಹಂತದಲ್ಲಿ ಸಿಕ್ಕಿದ್ದು ಇದರ ಅರ್ಧಕ್ಕಿಂತ ಕಡಿಮೆ.

ಆದರೆ ಗಡುವು ನೆನಪಿರಲಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ, ಅದನ್ನು ನಂಬಿ ಕೂರಬೇಡಿ. ತಲೆಪೆಟ್ಟಿನ ಪರಿಣಾಮ ಪೂರ್ತಿ ತಿಳಿಯುವುದಕ್ಕೆ ವರ್ಷ, ಎರಡು ವರ್ಷ ಬೇಕು. ಕಾನೂನಿಗೆ ಆರೇ ತಿಂಗಳು. ಈ ಎರಡು ಗಡಿಯಾರ ಒಂದಕ್ಕೊಂದು ಹೊಂದುವುದೇ ಇಲ್ಲ, ಕಾಯ್ದೆ ಮಾಡಿದವರಿಗೆ ಒಬ್ಬ ನರರೋಗ ತಜ್ಞರನ್ನು ಕೇಳುವ ಪುರುಸೊತ್ತು ಇರಲಿಲ್ಲವೇನೋ. ಅರ್ಜಿ ಮೊದಲು ಹಾಕಿಬಿಡಿ, ದಾಖಲೆ ಆಮೇಲೆ ಸೇರಿಸಬಹುದು. ಮೊದಲ ದಿನದ ಪ್ರಜ್ಞೆಯ ಅಂಕ, ಅಂದರೆ ಜಿ.ಸಿ.ಎಸ್. ಎಷ್ಟಿತ್ತು ಅಂತ ಬರೆದಿರುವ ಚೀಟಿ, ಡಿಸ್ಚಾರ್ಜ್ ಸಮರಿ, ಸ್ಕ್ಯಾನಿನ ಫಿಲ್ಮು, ಸಿ.ಡಿ., ಮಾತ್ರೆಯ ಬಿಲ್ಲು, ಯಾವುದನ್ನೂ ಎಸೆಯಬೇಡಿ. ಫಿಲ್ಮನ್ನು ಸೂರ್ಯಗ್ರಹಣ ನೋಡಲು ಮಕ್ಕಳಿಗೆ ಕೊಡುವ ಅಭ್ಯಾಸ ಬೇರೆ ಇದೆ ನಮ್ಮಲ್ಲಿ. ಅದು ಕಣ್ಣಿಗೂ ಕೆಟ್ಟದ್ದು, ಕೇಸಿಗೂ ಕೆಟ್ಟದ್ದು.

ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳಲಾರೆ, ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಕಡ್ಡಾಯ. ಬೀರೂರು, ಕಡೂರಿನ ಹೈವೇಯಲ್ಲಿ ಪೊಲೀಸರು ಕಂಡಾಗ ಹಾಕಿ, ಒಳಗಿನ ರಸ್ತೆಗೆ ತಿರುಗಿದ ಮೇಲೆ ಕನ್ನಡಿಗೆ ನೇತು ಹಾಕುವವರು ಒಂದು ಮಾತು ಯೋಚಿಸಿ: ಒಳಗಿನ ರಸ್ತೆಯ ಹಂಪಿಗೂ, ಅಡ್ಡ ಬರುವ ಎಮ್ಮೆಗೂ ದಂಡದ ಪುಸ್ತಕ ಗೊತ್ತಿಲ್ಲ. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲೇ ಹಾರಿಹೋಗುತ್ತದೆ.

ಸರ್ಕಾರದಿಂದ ನಾನು ಕೇಳುವುದು ಹೊಸ ಕಟ್ಟಡವಲ್ಲ. ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಹರೀಶ್ ಸಾಂತ್ವನ ಯೋಜನೆಯನ್ನು ಈ ರಾಜ್ಯ 2016ರಲ್ಲೇ ಮಾಡಿ ತೋರಿಸಿತು. 48 ಗಂಟೆಯ ನಂತರದ್ದು ಯಾರ ಹೊಣೆ? ಅದಕ್ಕೂ ಒಂದು ದಾರಿ ಈಗಾಗಲೇ ಇದೆ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ, ಸೂಪರ್ ಟ್ಯೂಸ್‌ಡೇ ಅಂತ ಹೆಸರು. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಮೆದುಳಿನ ಆರೋಗ್ಯ ಕಾರ್ಯಕ್ರಮವನ್ನೂ ಆರಂಭಿಸಿದೆ. ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇವೆಲ್ಲ ಇವೆ. ತಲೆಪೆಟ್ಟಿನವರನ್ನು ಇವುಗಳಿಗೆ ಜೋಡಿಸುವ ಕೊಂಡಿ ಮಾತ್ರ ಇಲ್ಲ.

ಆ ಕೊಂಡಿ ಒಂದು ಪುಸ್ತಕ ಅಷ್ಟೇ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಇದೆ, ಕ್ಷಯದವರಿಗೆ ಪಟ್ಟಿ ಇದೆ, ಮಾತ್ರೆ ನುಂಗಿದರಾ ಅಂತ ಆಶಾ ಅಕ್ಕ ಮನೆಗೇ ಬಂದು ಕೇಳುತ್ತಾರೆ. ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಬಂದವರ ಪಟ್ಟಿಯನ್ನೂ ಹಾಗೇ ಇಡಲಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಒಮ್ಮೆ ಕರೆಸಲಿ. ಕರೆಸಿದಾಗ ರೋಗಿಯನ್ನಷ್ಟೇ ಕೇಳಬಾರದು. "ಹೆಂಗಿದ್ದೀರಿ" ಅಂದರೆ ಅವರು "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ, ತನ್ನ ಬದಲಾವಣೆ ತನಗೇ ತಿಳಿಯದಿರುವುದೂ ಈ ಪೆಟ್ಟಿನ ಒಂದು ಲಕ್ಷಣ. ಜೊತೆಗೆ ಬಂದ ಹೆಂಡತಿಯನ್ನೋ ತಾಯಿಯನ್ನೋ ಬೇರೆ ಕೂರಿಸಿ ಐದು ನಿಮಿಷ ಕೇಳಬೇಕು. ಯಾರಿಗೆ ಎಂ.ಆರ್.ಐ. ಬೇಕು, ಯಾರಿಗೆ ನಿಮ್ಹಾನ್ಸ್ ಬೇಕು, ಯಾರಿಗೆ ಬರೀ ಧೈರ್ಯ ಮತ್ತು ಎರಡು ತಿಂಗಳ ವಿಶ್ರಾಂತಿ ಸಾಕು ಅಂತ ಅಲ್ಲೇ ಬೇರೆ ಮಾಡಬಹುದು. ಸುಮ್ಮನೆ ಎಲ್ಲರೂ ಬೆಂಗಳೂರಿಗೆ ರೈಲು ಹತ್ತುವುದು ತಪ್ಪುತ್ತದೆ, ಹತ್ತಲೇಬೇಕಾದವರು ತಡಮಾಡುವುದೂ ತಪ್ಪುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿ ದೀಪದ ಜೊತೆಗೆ ಇದನ್ನೂ ಒಂದು ಅರ್ಜಿಯಾಗಿ ಬರೆದು ಕೊಡಿ. ತಾಲ್ಲೂಕು ಆರೋಗ್ಯಾಧಿಕಾರಿಗಳ ಹೆಸರಿಗೆ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲೇ ತಲೆಪೆಟ್ಟಿನವರ ಪುಸ್ತಕವೂ ಇರಲಿ ಅಂತ ಕೇಳಿ. ಅರ್ಜಿಯ ಮೇಲೆ ಪಿ.ಡಿ.ಓ. ಅವರಿಂದ ಸ್ವೀಕೃತಿ ಸಹಿ ಹಾಕಿಸಿ, ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.